ಬದಲಾದ ಒಂದೇ ಫೈಲು

"ಇದು ಆ ಮುಗಾಂಬೆಯದೇ ಕೈವಾಡ. ಅವನ ಹಲ್ಲು ಉದುರಿಸ್ತೀನಿ, ನೋಡ್ತಾ ಇರಿ ಅತ್ತಿಗೆ!" ಲುತಾಯ ಮೇಜಿಗೆ ಗುದ್ದಿದ. ಅಣ್ಣ ತೀರಿಕೊಂಡ ಮೇಲೆ ಕಂಪಾಲಾ ಪಟ್ಟಣದ ಈ ಟೈಪಿಂಗ್ ಅಂಗಡಿಯೇ ಅತ್ತಿಗೆ ನಬ್ಬೋಸಾಳ ಒಲೆ ಉರಿಸಬೇಕು. ಆದರೆ ಆಕೆ ಕೂತು ಒಂದು ಅಕ್ಷರ ಒತ್ತಿದರೆ ಇನ್ನೊಂದು ಮೂಡುತ್ತಿತ್ತು. ಗಿರಾಕಿಗಳೆಲ್ಲ ಪಕ್ಕದ ಮುಗಾಂಬೆಯ ಅಂಗಡಿ ಹತ್ತತೊಡಗಿದ್ದರು.

"ಹಲ್ಲು ಆಮೇಲೆ ಉದುರಿಸುವಿಯಂತೆ. ಮೊದಲು ಇದನ್ನ ಸರಿಮಾಡು."

ಸಾಫ್ಟ್‌ವೇರ್ ಹಾಕಿದ ದಿನವೇ ಪ್ರತಿ ಫೈಲಿಗೂ ಒಂದು ಗುರುತು ಬಿದ್ದಿರುತ್ತದೆ. ಆ ಗುರುತಿಗೆ ಇವತ್ತು ತಾಳೆಯಾಗದ ಫೈಲು ಯಾವುದೆಂದು ಲುತಾಯ ಯಂತ್ರವನ್ನೇ ಕೇಳಿದ. ಅದು ಗುರುಗುಟ್ಟಿ ಗುರುಗುಟ್ಟಿ ಒಂದೇ ಹೆಸರು ಕಕ್ಕಿತು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂದು ಹೇಳುವ ಕೀಬೋರ್ಡಿನ ಫೈಲು.

"ಸಿಕ್ಕಿದ ಕಳ್ಳ!" ಎಂದು ತೆರೆದವನು ತಿದ್ದಿದ ತಾರೀಖು ನೋಡಿ ತಣ್ಣಗಾದ. ಹೋದ ವರ್ಷದ ಮಳೆಗಾಲದ್ದು. ಆಗ ಈ ಕಂಪ್ಯೂಟರನ್ನು ಅಣ್ಣನ ಹೊರತು ಯಾರೂ ಮುಟ್ಟುತ್ತಿರಲಿಲ್ಲ.

"ಅವರೇ ಯಾಕೆ ಹಾಳು ಮಾಡ್ತಾರೋ?"

"ಹಾಳು ಮಾಡಿಲ್ಲ ಅತ್ತಿಗೆ. ಎಡಗಡೆ ಅಕ್ಷರಾನೆಲ್ಲ ಬಲಗಡೆ ಎಳ್ಕೊಂಡಿದಾನೆ. ಒಂದೇ ಕೈಲಿ ಟೈಪ್ ಮಾಡೋ ಹಾಗೆ." ಲುತಾಯನ ದನಿ ಇಳಿಯಿತು. "ಅಣ್ಣನ ಎಡಗೈ... ಆಗಲೇ ಆಡ್ತಿರಲಿಲ್ಲವಾ?"

ಆಸ್ಪತ್ರೆಯವರು ತಲೆಯೊಳಗೆ ಗಡ್ಡೆ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೂ ಮುಂಚಿನದು ಯಾರಿಗೆ ಗೊತ್ತು?

ನಬ್ಬೋಸಾ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. "ನಮ್ಮಪ್ಪ ಕೊಟ್ಟ ಬಟ್ಟಲನ್ನ ನಿಮ್ಮಣ್ಣ ಒಂದೇ ಕೈಲಿ ಇಸ್ಕೊಂಡ್ರು ಕಣೋ. ನೆಂಟರೆಲ್ಲರ ಎದುರಿಗೆ. ಹಿರಿಯರು ಕೊಟ್ಟಿದ್ದನ್ನ ಎರಡು ಕೈ ಚಾಚಿ ತಗೋಬೇಕು ಅಂತ ಮಗುವಿಗೂ ಗೊತ್ತು. ಅಪ್ಪ ಉಣ್ಣದೇ ಎದ್ದು ಹೋದ್ರು. ಮನೇಲಿ ನಾನು ಮಂಡಿಯೂರಿ ಕೊಡೋ ಬೇಯಿಸಿದ ಬಾಳೇಕಾಯಿ ಮಟೋಕೆ ತಟ್ಟೇನೂ ಹಂಗೇ, ಒಂದೇ ಕೈ. ಕೊಬ್ಬು ಅಂದೆ. ಇನ್ಯಾವಳೋ ಸಿಕ್ಕಿದಾಳೆ ಅಂದೆ. ಸುಮ್ಮನೆ ನಗೋರು. ಆಮೇಲೆ ಕೈಗೆ ಕೊಡೋದನ್ನೇ ಬಿಟ್ಟೆ. ನಾಯಿಗಿಟ್ಟ ಹಾಗೆ ನೆಲದ ಮೇಲಿಟ್ಟು ಬರ್ತಿದ್ದೆ. ಸಾಯೋವರೆಗೂ."

"ಒಂದು ಮಾತು ಬಾಯಿಬಿಡೋಕೆ ಏನಾಗಿತ್ತು ಆ ದರಿದ್ರದವನಿಗೆ!" ಲುತಾಯ ಚೀರಿದ. ಮುಗಾಂಬೆಗೆಂದು ತಂದ ಸಿಟ್ಟನ್ನು ಈಗ ಯಾರ ಮೇಲೆ ಎಸೆಯಬೇಕೋ ತಿಳಿಯಲಿಲ್ಲ.

ಬಾಗಿಲಲ್ಲಿ ಅರ್ಜಿ ಹಿಡಿದವನೊಬ್ಬ ಇಣುಕಿದ. "ಇಲ್ಲಿ ಟೈಪ್ ಆಗುತ್ತಾ, ಪಕ್ಕಕ್ಕೆ ಹೋಗ್ಲಾ?"

"ಆಗುತ್ತೆ, ಬನ್ನಿ," ಎಂದಳು ನಬ್ಬೋಸಾ ಕಣ್ಣೊರೆಸಿಕೊಂಡು.

"ಮೊದಲಿದ್ದಿದ್ದೇ ಹಾಕಿಬಿಡಲಾ ಅತ್ತಿಗೆ? ಅಣ್ಣಂದೊಂದು ನಕಲು ಎಲ್ಲಾದರೂ ಇಟ್ಕೊಳ್ಳೋಣ."

"ನಕಲು ಬೇಡ. ಮೊದಲಿನ ಹಾಗೇ ಮಾಡು. ನನಗೆ ಎರಡೂ ಕೈ ಇದಾವಲ್ಲ."

ಹಾಕಿದ. ಮತ್ತೊಮ್ಮೆ ತಾಳೆ ನೋಡಿದ. ಪರದೆಯ ಮೇಲೆ ಏನೂ ಬರಲಿಲ್ಲ. ಯಾವುದೂ ಬದಲಾಗಿಲ್ಲದಿದ್ದರೆ ಯಂತ್ರ ಬಾಯಿ ಬಿಡುವುದಿಲ್ಲ.