ತಗಡಿಗೊಂದು ಕೋಟು

ಸೊಸೆ ತಲೆ ಸುತ್ತಿ ಹೊಲಿಗೆ ಮೆಷಿನ್ನಿನ ಮೇಲೆ ಒರಗಿದಾಗ ಡಾಕ್ಟರ ಬಿಳಿ ಕೋಟಿನ ಅರ್ಧ ತೋಳು ಇನ್ನೂ ಸೂಜಿಯ ಕೆಳಗೇ ಇತ್ತು. ಪಕ್ಕದ ಮೆಷಿನ್ನಿನಿಂದ ಅತ್ತೆ ಎದ್ದು ಬಂದು ಅವಳ ಮುಖಕ್ಕೆ ನೀರು ಚಿಮುಕಿಸಿದಳು. ಹುಡುಗಿ ಆರು ತಿಂಗಳ ಬಸುರಿ. ಮೇಲೆ ತಗಡಿನ ಛಾವಣಿ ಬಾಣಲೆಯ ಹಾಗೆ ಕಾದಿತ್ತು. ಅವಳು ಹೀಗೆ ಬೀಳುತ್ತಿರುವುದು ಇದು ಎರಡನೆಯ ಸಲ.

ಮೂಲೆಯ ಪ್ಲೈವುಡ್ ಕೋಣೆಯಿಂದ ಯಜಮಾನ ಓಡಿ ಬಂದ. ಕೆಟ್ಟವನಲ್ಲ, ಪುಕ್ಕಲ. "ಇನ್ಮೇಲೆ ಇವಳು ಬರೋದು ಬೇಡಮ್ಮ. ಹೆರಿಗೆ ಆಗ್ಲಿ, ಆಮೇಲೆ ನೋಡೋಣ. ಇಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ." ಅವನ 'ನೋಡೋಣ' ಎಂಥದ್ದೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗೆ ಹೋದವರ ಜಾಗದಲ್ಲಿ ಮರುವಾರವೇ ಬೇರೆಯವರು ಕೂತಿರುತ್ತಿದ್ದರು.

ಅತ್ತೆಗೆ ಶೆಡ್ಡಿನಲ್ಲಿ ಗುಂಡುಸೂಜಿ ಎಂದು ಅಡ್ಡಹೆಸರು. ಚುಚ್ಚುವುದರಲ್ಲಿ ಎತ್ತಿದ ಕೈ. "ನಾಳೆ ಹೇಗೂ ರಜೆ. ನಾಡಿದ್ದು ಇವಳು ಬಂದೇ ಬರ್ತಾಳೆ. ಅವತ್ತೂ ಬಿದ್ರೆ ಇವಳ ಜೊತೆ ನಾನೂ ಮೆಷಿನ್ ಬಿಟ್ಟು ಹೋಗ್ತೀನಿ. ಆಯ್ತಾ?" ಅಂಥ ಕೆಲಸಗಾರ್ತಿ ಇನ್ನೊಬ್ಬಳು ಸಿಗುವುದಿಲ್ಲವೆಂದು ಬಲ್ಲ ಯಜಮಾನ ತಲೆಯಾಡಿಸಿದ.

"ಅತ್ತೇ, ನಿಮಗೇನು ತಲೆ ಕೆಟ್ಟಿದ್ಯಾ? ಇಬ್ಬರ ಕೆಲಸಾನೂ ಹೋದ್ರೆ ಒಲೆ ಉರಿಯೋದು ಹೇಗೆ?" ಸೊಸೆ ದಾರಿಯುದ್ದಕ್ಕೂ ಗೊಣಗಿದಳು.

"ನಮ್ಮ ಲೈಬ್ರರಿ ಟೀಚರ್ ಇದ್ದಾರಲ್ಲ, ಶೆಡ್ಡಿನ ಸೆಕೆ ಇಳಿಸೋ ದಾರೀನ ಅವರು ತೋರಿಸಿಕೊಟ್ಟಿದ್ದಾರೆ."

"ಆ ಹವಾಮಾನದ ಕ್ಲಾಸಾ? ನೀವು ಅಲ್ಲಿಗೆ ಹೋಗೋದು ಫ್ಯಾನ್ ಕೆಳಗೆ ತೂಕಡಿಸೋಕೆ ಅಂದ್ಕೊಂಡಿದ್ದೆ."

"ಮೊದಲನೇ ದಿನ ಅದಕ್ಕೇ ಹೋಗಿದ್ದು. ಆದ್ರೆ ಕ್ಲಾಸಲ್ಲಿ ಇರೋದೇ ನಾಕು ಜನ. ತೂಕಡಿಸಿದ್ರೆ ಸಿಕ್ಕಿಬೀಳ್ತೀನಿ ಅಂತ ಕೇಳಿಸ್ಕೊಂಡೆ."

ಕೇಳಿಸಿಕೊಂಡದ್ದು ತಲೆಯಲ್ಲಿ ಉಳಿದಿತ್ತು. ನಿವೃತ್ತಿಯಾದ ಆ ಟೀಚರ್ ಕಿಟಕಿಯ ಬಿಸಿಲಿನಲ್ಲಿ ಎರಡು ಡಬ್ಬಿ ಇಟ್ಟು, ಒಂದಕ್ಕೆ ಕಪ್ಪು ಬಟ್ಟೆ, ಇನ್ನೊಂದಕ್ಕೆ ಬಿಳಿ ಬಟ್ಟೆ ಹೊದಿಸಿ, ಪಾಠ ಮುಗಿದ ಮೇಲೆ ಮುಟ್ಟಿ ನೋಡಿ ಎಂದಿದ್ದರು. ಕಪ್ಪು ಬಟ್ಟೆಯ ಡಬ್ಬಿ ಮುಟ್ಟಿದ ಗುಂಡುಸೂಜಿ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ಬಿಳಿ ಬಟ್ಟೆಯದು ಅಷ್ಟು ಕಾದಿರಲಿಲ್ಲ. "ಬೇಸಿಗೆ ವರ್ಷ ವರ್ಷಕ್ಕೂ ಜೋರಾಗ್ತಿದೆ. ಯಾರೋ ಬಂದು ಏನೋ ಮಾಡ್ತಾರೆ ಅಂತ ಕಾಯ್ಬೇಡಿ. ನಿಮ್ಮ ನಿಮ್ಮ ಛಾವಣಿಯಿಂದ ಶುರು ಮಾಡಿ," ಎಂದಿದ್ದರು ಟೀಚರ್.

ರಜೆಯ ದಿನ ಬೆಳಿಗ್ಗೆ ಶೆಡ್ಡಿನ ಹೆಂಗಸರೆಲ್ಲ ಸೇರಿದರು. ಬಾಗಿಲ ಕೀ ಗುಂಡುಸೂಜಿಯ ಹತ್ತಿರವೇ ಇರುತ್ತಿತ್ತು. ತೋಳು ಸೊಟ್ಟಗಾದದ್ದು, ಕಲೆ ಬಿದ್ದದ್ದು ಎಂದು ವಾಪಸು ಬಂದ ಡಾಕ್ಟರ ಕೋಟುಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಯಾರಾದರೂ ತೊಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಎಂದು ಯಜಮಾನನೇ ಗೋಗರೆದಿದ್ದ. ಕತ್ತರಿಸುವ ಕೆಲಸದಾಕೆ ಏಣಿ ಹತ್ತಿ ಟೇಪು ಹಿಡಿದು ಛಾವಣಿಯ ಅಳತೆ ತೆಗೆದಳು. "ಎದೆ ಅಗಲ, ಸೊಂಟವೇ ಇಲ್ಲ. ಥೇಟ್ ಯಜಮಾನರು!" ಎಂದು ಮೇಲಿನಿಂದ ಕೂಗಿದಳು. ಕೆಳಗೆ ನಗು. ಕೋಟುಗಳನ್ನು ಬಿಚ್ಚಿ, ಹರಡಿ, ಜೋಡಿಸಿ ಸಂಜೆಯವರೆಗೆ ಹೊಲಿದರು. ದಿನವೂ ಹೊಲಿಗೆಗೆಂದು ಅಂಚು ಬಿಟ್ಟು ಕತ್ತರಿಸುವವರು ಹುರುಪಿನಲ್ಲಿ ಅದನ್ನೇ ಮರೆತಿದ್ದರು. ಮೇಲೆ ಹೊದಿಸಿ ಕಟ್ಟುವಾಗ ಗೊತ್ತಾಯಿತು, ಒಂದು ಮೂಲೆಗೆ ಬಟ್ಟೆ ಸಾಲದು. ಆ ಮೂಲೆಯಲ್ಲಿದ್ದದ್ದು ಯಜಮಾನನ ಕೋಣೆ.

ಮರುದಿನ ಯಜಮಾನ ಮೇಲೆ ನೋಡಿ ಹಣೆ ಚಚ್ಚಿಕೊಂಡ. "ಬಟ್ಟೆ ಹೊದಿಸಿದ್ರೆ ಇನ್ನೂ ಸೆಕೆ ಆಗಲ್ವೇನ್ರಮ್ಮಾ! ಚಳಿಗೆ ಕಂಬಳಿ ಹೊದ್ದ ಹಾಗೆ!"

"ಕಂಬಳಿ ಮೈ ಬಿಸಿಯನ್ನ ಹೊರಗೆ ಬಿಡಲ್ಲ. ಇದು ಬಿಸಿಲನ್ನ ತಗಡಿನ ಹತ್ರಕ್ಕೇ ಬಿಡಲ್ಲ. ಛತ್ರಿ ಬಿಚ್ಚಿದವರನ್ನೂ ಹೀಗೇ ಬೈತೀರಾ?" ಎಂದಳು ಗುಂಡುಸೂಜಿ. ಬಾಯಿ ಜೋರಿತ್ತು, ಆದರೂ ಸೊಸೆಯ ಮೆಷಿನ್ನಿನ ಪಕ್ಕ ಒಂದು ಚೊಂಬು ನೀರು ತಂದಿಟ್ಟಳು.

ಮಧ್ಯಾಹ್ನವಾಯಿತು. ಬಿಸಿಲು ನೆತ್ತಿಗೇರಿತು. ಎಲ್ಲರ ಕಣ್ಣೂ ಸೊಸೆಯ ಮೇಲೆ. ಅವಳು ಒಂದು ತೋಳು ಮುಗಿಸಿದಳು, ಇನ್ನೊಂದು ತೋಳು ಕೂರಿಸಿದಳು, ಕಾಲರಿಗೆ ಕೈ ಹಾಕಿದಳು. "ಎಲ್ರೂ ಹೀಗೆ ನೋಡಿದ್ರೆ ನಾಚಿಕೆಗೇ ತಲೆ ಸುತ್ತುತ್ತೆ ಅಷ್ಟೆ," ಎಂದು ನಕ್ಕಳು. ಆಗ ಮೂಲೆಯ ಕೋಣೆಯ ಬಾಗಿಲು ತೆರೆಯಿತು. ಯಜಮಾನ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ. ಕಾಲರ್ ಸರಿಯಾಗಿದೆಯೇ ನೋಡುತ್ತೇನೆ ಎಂದು ಸೊಸೆಯ ಪಕ್ಕ ಬಂದು ನಿಂತ. ಒಂದು ಕಾಲರ್ ನೋಡಿದ. ಇನ್ನೊಂದು ನೋಡಿದ. ಕೊನೆಗೆ ಮಾನ ಬಿಟ್ಟು, "ಒಂದು ಸ್ಟೂಲ್ ಕೊಡ್ರಮ್ಮ, ಇಲ್ಲೇ ಕೂತ್ಕೋತೀನಿ," ಎಂದ. ಶೆಡ್ಡಿಗೆ ಶೆಡ್ಡೇ ಹೋ ಎಂದು ಕೂಗಿತು. ಗುಂಡುಸೂಜಿ ಸೊಸೆಯನ್ನು ತಬ್ಬಿಕೊಂಡು, ಜನ್ಮದಲ್ಲಿ ಮೊದಲ ಸಲ ಎಲ್ಲರೆದುರು ಅತ್ತಳು.

ಕೂಗು ಕೇಳಿ ಎದುರಿನ ಗ್ಯಾರೇಜಿನವನು ಬಂದ, ಬೇಕರಿಯವಳು ಬಂದಳು. ಒಳಗೆ ನಿಂತು ನೋಡಿದವರು, "ನಮ್ಮ ತಗಡಿಗೂ ಅಳತೆ ತಗೊಳ್ಳಿ," ಎಂದರು. ಕೋಟು ಮುಗಿದಾಗ ಬೇಕರಿಯ ಬಿಳಿ ಹಿಟ್ಟಿನ ಚೀಲಗಳು ಬಂದವು, ಯಾರದೋ ಮನೆಯ ಹಳೇ ಹಾಸಿಗೆ ಬಟ್ಟೆಗಳು ಬಂದವು. ಏಣಿ ಹಿಡಿಯಲು ಯಜಮಾನನೇ ಬಂದ.

ಮುಂದಿನ ರಜೆಯ ದಿನ, ಇನ್ನು ಈ ಕ್ಲಾಸು ಸಾಕು, ಯಾರೂ ಬರುವುದಿಲ್ಲ ಎಂದುಕೊಂಡೇ ಬಂದ ಟೀಚರ್ ಲೈಬ್ರರಿಯ ಬಾಗಿಲಲ್ಲಿ ನಿಂತುಬಿಟ್ಟರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಬೆಂಚಿನಲ್ಲಿ ಯಜಮಾನ ಕೈಕಟ್ಟಿ ಕೂತಿದ್ದ. ಮಹಡಿಯ ಕಿಟಕಿಯಿಂದ ಕೆಳಗೆ ಓಣಿಯ ಛಾವಣಿಗಳು ಕಾಣುತ್ತಿದ್ದವು, ಡಾಕ್ಟರ ಕೋಟು ತೊಟ್ಟು, ಜೇಬುಗಳ ಸಮೇತ.

ಕುತ್ತಿಗೆಗೆ ಟೇಪು ಹಾಕಿಕೊಂಡಿದ್ದ ಸೊಸೆ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. "ಟೀಚರ್, ಮುಂದಿನ ಪಾಠ ಯಾವುದು? ಬಟ್ಟೆ ಇನ್ನೂ ಉಳಿದಿದೆ."