ವಕೀಲರು ಕೇಳುವ ಮಾತು

"ವಕೀಲ ನಾನಽ. ಸಾಕ್ಷಿಗಿ ಇಬ್ಬರು ಶುಕ್ರವಾರ ಬರ್ತಾರ. ಹುಡುಗಿಗಿ ಇನ್ನೂ ಹೇಳಿಲ್ರಿ."

ಅಂಗಳದಲ್ಲಿ ನಿಂತು ಸೋದರಮಾವ ಸಿಕಂದರ ಮಾಮು ಮೊಬೈಲಿನಲ್ಲಿ ಆಡಿದ ಮಾತು ಇಷ್ಟೇ. ಒಳಗೆ ಜೋಳ ಹಸನು ಮಾಡುತ್ತಿದ್ದ ಅಂಜುಮಳ ಕೈ ಮೊರದಲ್ಲೇ ನಿಂತಿತು.

ಬೇರೆಯವರಿಗೆ ವಕೀಲ, ಸಾಕ್ಷಿ ಎಂದರೆ ಕೋರ್ಟು ನೆನಪಾಗುತ್ತದೆ. ತಿಕೋಟಾದ ಅವರ ಓಣಿಯಲ್ಲಿ ಅದು ನಿಕಾಹ್. ಮದುಮಗಳು ಕೂತ ಕೋಣೆಗೆ ಇಬ್ಬರು ಸಾಕ್ಷಿಗಳೊಡನೆ ಬಂದು, "ಕಬೂಲ್ ಐತೇನು?" ಎಂದು ಕೇಳಿ, ಉತ್ತರವನ್ನು ಹೊರಗೆ ಕೂತ ಕಾಜಿಗೆ ಮುಟ್ಟಿಸುವವನೇ ವಕೀಲ. ಮನೆಯಲ್ಲಿ ಹುಡುಗಿ ಎಂದರೆ ಅವಳೊಬ್ಬಳೇ.

ಶನಿವಾರ ಅವಳು ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಅಲ್ಲಿ ಕ್ಯಾಥೊಲಿಕ್ ಫಾದರ್‌ಗಳು ನಡೆಸುವ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ವಿಜಯಪುರದಲ್ಲೂ ಕಾನೂನು ಓದಬಹುದಿತ್ತು. ಆದರೆ ಫಾದರ್‌ಗಳ ಕಾಲೇಜಿನಲ್ಲಿ ಮೊದಲ ವರ್ಷದಿಂದಲೇ ಜೈಲಿಗೆ ಕರೆದೊಯ್ದು, ದಿಕ್ಕಿಲ್ಲದವರ ಪಕ್ಕ ಕೂರಿಸಿ, ಅವರು ಹೇಳುವುದನ್ನು ಸುಮ್ಮನೆ ಕೇಳಲು ಕಲಿಸುತ್ತಾರಂತೆ. ಅದೊಂದು ಮಾತು ಅವಳನ್ನು ಹಿಡಿದುಬಿಟ್ಟಿತ್ತು.

ಸಂದರ್ಶನದಲ್ಲಿ ಮುದುಕ ಫಾದರ್ ಒಬ್ಬರು, "ಮುಸಲ್ಮಾನರ ಹುಡುಗಿ ನಮ್ಮಲ್ಲಿಗೇ ಯಾಕಮ್ಮಾ?" ಎಂದು ಕೇಳಿದ್ದರು. ಅಂಜುಮ ತಾಯಿಯ ತಂಗಿ ಹೀನಾ ಖಾಲಾಳ ಮದುವೆಯ ಕಥೆ ಹೇಳಿದ್ದಳು. ವಕೀಲ ಬಂದು ಕೇಳಿದಾಗ ಖಾಲಾ ಅಳುತ್ತಿದ್ದಳು. ಒಪ್ಪಿದಳು ಎಂದು ಹೊರಗೆ ಹೋಗಿ ಹೇಳಿಬಿಟ್ಟರು. "ಹೆಣ್ಣನ್ನ ಕೇಳಬೇಕು ಅಂತ ನಮ್ಮ ದೀನ್ ಧರ್ಮ ಹೇಳ್ತದರಿ. ಕೇಳವರಿಗೆ ಕಿವಿ ಇಲ್ಲ. ದೇವರಿಗಿ ಅಂಜಿ ವಕೀಲಿ ಮಾಡೋದು ನಿಮ್ಮಲ್ಲಿ ಕಲಸ್ತೀರಂತಲ್ಲ, ಅದಕ್ಕ ಬಂದೀನಿ."

ಖಾಲಾಳ ಮದುವೆಯಲ್ಲಿ ವಕೀಲನಾಗಿದ್ದವನೂ ಇದೇ ಸಿಕಂದರ ಮಾಮು.

ಸೀಟು ಸಿಕ್ಕ ದಿನ ಪಕ್ಕದ ಮನೆಯ ರೇಣುಕವ್ವ ನಕ್ಕಿದ್ದೇ ನಕ್ಕಿದ್ದು. "ಫಾದರ್ ಸಾಲ್ಯಾಗ ಸಾಬರ ಹುಡುಗಿ ಕಲ್ತು, ನಮ್ಮ ಮಂದಿ ಹೊಲದ ಜಗಳ ಬಿಡಸ್ತಾಳ! ಮೂರೂ ದೇವರು ಕೂಡಿ ಕೇಸ್ ಸೋತರ ಏನ್ ಮಾಡ್ತೀಯವ್ವಾ?"

ತಾಯಿ ಮಾಬುಬಿ ಮಾತ್ರ ನಗಲಿಲ್ಲ. ಅವಳು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳೇ ಅವಳ ಲೋಕ. "ನೀ ಹೋದ್ರ ಈ ಮನ್ಯಾಗ ನಾ ಒಬ್ಬಾಕಿ ಹೆಂಗಿರ್ಲಿ?" ಎಂದವಳು ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ.

ಬದಲಿಗೆ ಹೊನವಾಡದಿಂದ ಪೀರಾಂಬಿ ಎಂಬ ಹೆಂಗಸು ಬಂದಳು. ತನ್ನ ತಮ್ಮ ಯಾಸೀನನ ಗುಣ ಹಾಡಿ ಹೊಗಳಿದಳು. ಮನೆಯ ಮೂಲೆ ಮೂಲೆ ನೋಡಿದಳು. ಅಂಜುಮಳ ಗಲ್ಲ ಹಿಡಿದು, "ಓದ್ಲಿ, ಓದ್ಲಿ. ನಮ್ಮವರು ಯಾರೂ ಬ್ಯಾಡ ಅನ್ನೂದಿಲ್ಲ. ಯಾಸೀನ ಇಲ್ಲೇ ಬಂದಿರ್ತಾನ," ಎಂದಳು.

ಮನೆ ಅಳಿಯ! ಎಂದರೆ ತಾಯಿಯನ್ನು ಬಿಟ್ಟು ಅವಳು ಎಂದೂ ಹೋಗದ ಹಾಗೆ ಮಾಡುವ ಹೂಟ. ಓದ್ಲಿ ಎಂಬ ಮಾತನ್ನು ಹೀನಾ ಖಾಲಾಳಿಗೂ ಹೇಳಿದ್ದರು.

"ಶುಕ್ರವಾರ ಏನೈತಿ ಬೇ?" ಅಂಜುಮ ತಾಯಿಯನ್ನು ಕೇಳಿದಳು.

ಮಾಬುಬಿ ಒಲೆಯ ಕಡೆ ತಿರುಗಿದಳು. "ನಿಮ್ಮ ಮಾಮು ಹೇಳ್ತಾನ. ನನ್ನ ಬಾಯಿಂದ ಬರೂದಿಲ್ಲ."

ಮಾಮುವನ್ನು ಕೇಳಿದರೆ ಅವನು ಮೀಸೆ ತಿರುವಿ ನಕ್ಕ. "ನಿಮ್ಮಮ್ಮಗ ಕೇಳು. ಹೆಂಗಸರ ಮಾತು ಹೆಂಗಸರಽ ಆಡಬೇಕು."

ಗುರುವಾರ ತಾಯಿ ವಿಜಯಪುರದ ಜಲನಗರದ ದರ್ಜಿಯಿಂದ ಹೊಸ ಬಟ್ಟೆ ತಂದಳು. ಅರಿಶಿನವಿಲ್ಲ, ಮೆಹಂದಿಯಿಲ್ಲ. ಹೇಳದೆ ಮಾಡುವ ಮದುವೆಗೆ ಅವೆಲ್ಲ ಯಾಕೆ ಎಂದುಕೊಂಡಳು ಅಂಜುಮ.

ಓಡಿಹೋಗಬಹುದಿತ್ತು. ಓಡಲಿಲ್ಲ. ಓಡಿದವಳ ಮಾತನ್ನು ಯಾರೂ ಕೇಳುವುದಿಲ್ಲ. ವಕೀಲ ಕೇಳಲೇಬೇಕು, ಸಾಕ್ಷಿಗಳು ಕೇಳಿಸಿಕೊಳ್ಳಲೇಬೇಕು. ಆಗ ಅಳಬಾರದು, ತಲೆ ತಗ್ಗಿಸಬಾರದು. ಹೊರಗೆ ಕೂತ ಕಾಜಿಗೂ ಮುಟ್ಟುವಂತೆ ಒಂದೇ ಮಾತು ಹೇಳಬೇಕು. ಬಚ್ಚಲಿನಲ್ಲಿ ನೀರಿನ ಸದ್ದು ಮಾಡುತ್ತ ಆ ಮಾತನ್ನು ಅವಳು ಮತ್ತೆ ಮತ್ತೆ ಆಡಿ ನೋಡಿದಳು.

ಶುಕ್ರವಾರ ಜುಮ್ಮಾ ನಮಾಜು ಮುಗಿಯಿತು. ಬೆರಳೆಣಿಕೆಯ ಜನ ಬಂದರು. ಒಳಕೋಣೆಯ ಚಾಪೆಯ ಮೇಲೆ ತಾಯಿ, ಮಗಳು ಹೊಸ ಬಟ್ಟೆಯಲ್ಲಿ ಒತ್ತಿಕೊಂಡು ಕೂತರು. ಇಬ್ಬರೂ ಮುಖ ಮುಚ್ಚುವಷ್ಟು ಸೆರಗು ಎಳೆದುಕೊಂಡಿದ್ದರು. ತಾಯಿಯ ಭುಜ ನಡುಗುತ್ತಿತ್ತು. ತಪ್ಪು ಮಾಡಿದವರು ನಡುಗಲೇಬೇಕು ಎಂದು ಅಂಜುಮ ಮನಸ್ಸು ಗಟ್ಟಿ ಮಾಡಿಕೊಂಡಳು.

ಬಬಲೇಶ್ವರದ ಹಸನಸಾಬ, ನದೀಮ ಇಬ್ಬರೂ ಸಾಕ್ಷಿಗಳಾಗಿ ಬಾಗಿಲಲ್ಲಿ ನಿಂತರು. ಮಾಮು ಎದುರಿಗೆ ಮಂಡಿಯೂರಿ ಕೂತ. ಯಾರ ಮುಖವನ್ನೂ ನೋಡದೆ, ಚಾಪೆಯನ್ನೇ ದಿಟ್ಟಿಸುತ್ತ ಗಂಟಲು ಸರಿಮಾಡಿಕೊಂಡ.

"ಹೊನವಾಡದ ಯಾಸೀನನ ಜೋಡಿ ನಿಕಾಹ್ ಮಾಡಿಕೊಡಾಕ..."

"ಇಲ್ಲ! ನನಗ ಕಬೂಲ್ ಇಲ್ಲ!"

ಅಂಜುಮಳ ದನಿ ಅಂಗಳ ದಾಟಿತು. ಹಸನಸಾಬ ನದೀಮನ ಮುಖ ನೋಡಿದ. ಮಾಮು ಚಾಪೆಯಿಂದ ತಲೆಯೆತ್ತಿದ.

ಪಕ್ಕದಲ್ಲಿ ಮಾಬುಬಿ ಮೆಲ್ಲಗೆ ಸೆರಗು ಸರಿಸಿ, ಮಗಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಆತು ಬಿಡವ್ವಾ, ನಿನಗ ಬ್ಯಾಡಾದ್ರ ನಾ ಲಗ್ನ ಆಗೂದಿಲ್ಲ. ನೀ ಕಾಲೇಜಿಗಿ ಹೋದ ಮ್ಯಾಲ ನಾ ಒಬ್ಬಾಕಿ ಉಳೀತೀನಂತ ನಿನಗ ಚಿಂತಿ ಆಗಬಾರ್ದಂತ ಹ್ಞೂಂ ಅಂದಿದ್ದೆ."