ಮಂಗಗಳ ಮೇಡಂ

"ಮೇಡಂ, ನಾನು ಪಿಎಚ್‌ಡಿ ಬಿಡ್ತಿದೀನಿ."

ಕಾಡಿನಂಚಿನ ಸಂಶೋಧನಾ ಕೇಂದ್ರದ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಮೇಡಂ ಕೈ ಅಲ್ಲೇ ನಿಂತಿತು. ಮಂಗಗಳ ಹಿಂದೆ ಅಲೆದೇ ಅವರ ತಲೆ ನರೆತಿತ್ತು. ಸುತ್ತಲಿನವರ ಬಾಯಲ್ಲಿ ಅವರು 'ಮಂಗಗಳ ಮೇಡಂ'. ಕೈಕೆಳಗೆ ಪಳಗಿದ ಶಿಷ್ಯರು ಎಲ್ಲೆಲ್ಲೋ ಪ್ರೊಫೆಸರುಗಳಾಗಿದ್ದರು. ಈ ಹುಡುಗಿ ಕೊನೆಯವಳು, ಎಲ್ಲರಿಗಿಂತ ಚುರುಕು. ಎಲೆಗಳ ಸಂದಿಯಲ್ಲಿ ಬಾಲ ಕಂಡರೆ ಸಾಕು, ಯಾವ ಮಂಗ, ಯಾರ ಮಗಳು ಎಂದು ಹೇಳಿಬಿಡುತ್ತಿದ್ದಳು.

"ಯಾಕೆ? ಮನೇಲಿ ಏನಾದ್ರೂ ಅಂದ್ರಾ?"

"ಇಲ್ಲ."

"ಕೆಲಸ ಕಷ್ಟ ಆಯ್ತಾ? ಹೇಳು, ಸ್ವಲ್ಪ ಕಡಿಮೆ ಮಾಡೋಣ."

"ಕೆಲಸ ತುಂಬ ಇಷ್ಟ ಮೇಡಂ. ಭಯ ಆಗೋದೇ ಅದಕ್ಕೆ." ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು. "ಹೋದ ವಾರ ನಿಮ್ಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸ್ದಾಗ, ಮನೆಯವರು ಯಾರಾದ್ರೂ ಬಂದಿದಾರಾ ಅಂತ ನರ್ಸ್ ಕೇಳಿದ್ರು. 'ನಾನೇ ಬಂದಿದೀನಲ್ಲ' ಅಂದ್ರಿ. ಅವ್ರು ನಕ್ಕುಬಿಟ್ರು. ನಂಗೆ ನಗು ಬರ್ಲಿಲ್ಲ."

"ತಮಾಷೆಗೆ ಅಂದೆ ಕಣೇ."

"ಗೊತ್ತು. ನಿಮ್ಮ ಥರ ಆಗ್ಬೇಕು ಅಂತಾನೇ ಇಲ್ಲಿಗೆ ಬಂದೆ ಮೇಡಂ. ಈಗ ಎಲ್ಲಿ ಆಗ್ಬಿಡ್ತೀನೋ ಅಂತ..."

ಒಂಟಿತನಕ್ಕೂ ಈ ಕೆಲಸಕ್ಕೂ ಎತ್ತಣಿಂದೆತ್ತ ಸಂಬಂಧ ಎನ್ನಬೇಕೆಂದಿದ್ದರು ಮೇಡಂ. ಅಷ್ಟರಲ್ಲಿ ತಂಗಿಯ ಮದುವೆ, ಅಮ್ಮನ ಕೊನೆಗಾಲ ನೆನಪಾದವು. ಎರಡಕ್ಕೂ ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಈಗ ಮಂಗಗಳು ಮರಿ ಹಾಕೋ ಕಾಲ, ಬರೋಕಾಗಲ್ಲ."

"ಮಧ್ಯಾಹ್ನದ ಬಸ್ಸಿಗೇ ಹೊರಡು," ಎಂದರು. "ಸಂಜೆವರೆಗೂ ಇದ್ರೆ ನಾನೇ ಏನಾದ್ರೂ ಹೇಳಿ ನಿಲ್ಲಿಸ್ಕೊಂಡ್ಬಿಡ್ತೀನಿ."

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ತುಂಬಿ ಬಿರಿಯುತ್ತಿದ್ದ ಅವಳ ಬ್ಯಾಗನ್ನು ಮೇಡಂ ಮೊಣಕಾಲಿನಿಂದ ಅದುಮಿ, ಜಿಪ್ ಎಳೆದುಕೊಟ್ಟರು.

ಬಸ್ಸು ಹೋದ ಮೇಲೆ ಒಬ್ಬರೇ ಕಾಡಿಗೆ ನಡೆದರು. ಮಂಗಗಳ ಗುಂಪು ಮರದಡಿ ಜೋಡಿ ಜೋಡಿಯಾಗಿ ಹೇನು ಹೆಕ್ಕುತ್ತ ಕೂತಿತ್ತು. ಮೊದಮೊದಲು ಅವರ ನೆರಳು ಕಂಡರೂ ಕಿರುಚಿ ದಿಕ್ಕಾಪಾಲಾಗುತ್ತಿದ್ದ ಪ್ರಾಣಿಗಳವು. ಅವುಗಳ ನಡುವೆ ಇದ್ದೂ ಇಲ್ಲದಂತಿರುವುದನ್ನು ಕಲಿಯಲು ವರ್ಷಗಳೇ ಹಿಡಿದಿದ್ದವು. ಈ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲವೆಂದು ಶಿಷ್ಯರಿಗೆಲ್ಲ ಹೇಳಿಕೊಟ್ಟವರೂ ಅವರೇ.

ಮೇಡಂ ಬೇಕೆಂದೇ ಒಮ್ಮೆ ಕೆಮ್ಮಿದರು. ಒಂದೂ ತಿರುಗಿ ನೋಡಲಿಲ್ಲ.